ಬೀಳುತ್ತ ನಿಂತ ಇಬ್ಬರು

ಸಾರಿ ಸಾರಿ ಡಂಗೂರದವನ ಗಂಟಲೇ ಬಿದ್ದುಹೋಗಿತ್ತು. ಕೆಂಚಿಹೊಳೆಯ ಉಕ್ಕಿನ ಕಮಾನು ಸೇತುವೆ ಕಟ್ಟಿದ ಶಿಲ್ಪಿ ತೀರಿಕೊಂಡು ಬಹಳ ಕಾಲವಾಗಿತ್ತು. ಅದು ಹೇಗೆ ನಿಂತಿದೆ ಎಂದು ಬರೆದಿಟ್ಟವರಿಲ್ಲ. ಮುಂದೆ ರಿಪೇರಿ ಮಾಡುವವರಿಗಾಗಿ ಅದರ ಮರ್ಮವನ್ನು ಚಿತ್ರಸಮೇತ ಬರೆಸಬೇಕೆಂದು ದೊರೆ ಜಯಕೀರ್ತಿಯ ಅಪ್ಪಣೆ. ಬರೆಸಲು ಬರುವವನು ಶಿಲ್ಪಿ ಬಿಟ್ಟುಹೋದ ಮೂರು ಒಗಟು ಬಿಡಿಸಬೇಕು, ತಪ್ಪಿದರೆ ಅಮಾವಾಸ್ಯೆಗೆ ತಲೆ ಹೋಗುತ್ತದೆ. ಇದೆಂಥ ನ್ಯಾಯ ಅಂದವರಿಗೆ ದೊರೆ, ತಪ್ಪು ಬರೆದರೆ ನಾಳೆ ಸೇತುವೆ ಮೇಲಿನ ಜನ ಸಾಯುತ್ತಾರಲ್ಲ, ಬರೆಯುವವನ ಪ್ರಾಣ ಮೊದಲು ಪಣಕ್ಕಿರಲಿ ಅನ್ನುತ್ತಿದ್ದ. ಶಿಲ್ಪಿ ಸಾಯುವಾಗ ಉತ್ತರಗಳನ್ನು ದೊರೆಯ ಕಿವಿಯಲ್ಲಿ ಹೇಳಿದ್ದ. ಅವು ಯಾಕೆ ಉತ್ತರ ಅಂತ ಮಾತ್ರ ದೊರೆಗೂ ತಿಳಿದಿರಲಿಲ್ಲ.

ಭರಮನಿಗೆ ಇದೆಲ್ಲ ಬೇಕಿರಲಿಲ್ಲ. ಅವನೂ ಅಣ್ಣ ಓಬನೂ ಆ ಸೇತುವೆ ಮೇಲೆ ಉಪ್ಪಿನ ಮೂಟೆ ಹೊರುವವರು. ಹೊತ್ತು ಹೊತ್ತು ಸಾಕಾಗಿ ಓಬ ಅರಮನೆಗೆ ಹೋದ. ಎರಡು ಒಗಟು ಗೆದ್ದು ಮೂರನೆಯದರಲ್ಲಿ ಸೋತು ಸೆರೆಮನೆ ಸೇರಿದ. ಅಂದಿನಿಂದ ಒಬ್ಬನೇ ಹೊರುತ್ತಿದ್ದ ಭರಮನ ಬೆನ್ನು ಬಾಗಿಹೋಗಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ, ಆದದ್ದಾಗಲಿ ಎಂದು ಮೂಟೆ ಇಳಿಸಿ ಅರಮನೆಗೆ ನಡೆದ. ಗೆದ್ದರೆ ಅಣ್ಣನನ್ನು ಕೇಳುವುದು, ಸೋತರೆ ಅಣ್ಣನ ಜೊತೆ ಹೋಗುವುದು, ಅಷ್ಟೇ ಅವನ ಲೆಕ್ಕ.

ದೊರೆಯೂ ಬೇಸತ್ತಿದ್ದ. ಮೊದಲ ಒಗಟನ್ನು ಆಕಳಿಸುತ್ತಲೇ ಹೇಳಿದ.

"ಒಂದು ಬಾಯಿ. ಬಿಸಿಲಿಗೆ ಮುಚ್ಚುತ್ತೆ, ಚಳಿಗೆ ತೆರೆಯುತ್ತೆ. ಹೊಲಿದುಬಿಟ್ಟರೆ ಮೈಯೆಲ್ಲ ಮುರಿಯುತ್ತೆ. ಏನದು?"

ಅವತ್ತೇ ಒಗಟು ಬಿಡಿಸಲು ಬಂದು ಪಕ್ಕದಲ್ಲಿ ನಿಂತಿದ್ದ ಪಾಳೇಗಾರನ ಮಗ ನೈದಿಲೆ ಹೂವು ಅಂದ. ಅವನನ್ನು ಕಾವಲುಗಾರರು ಸೆರೆಮನೆಗೆ ಎಳೆದೊಯ್ದರು.

ಸೇತುವೆಯ ಹಾಸಿನಲ್ಲಿ ಬಿಟ್ಟಿರುವ ಸಂದು ಅಂದ ಭರಮ. ಚಳಿಗಾಲದ ಬೆಳಗ್ಗೆ ಅದರೊಳಗೆ ತನ್ನ ಉಪ್ಪು ಸುರಿಯುತ್ತದೆ, ಬಿರುಬೇಸಗೆಯಲ್ಲಿ ಒಂದು ಹರಳೂ ಇಳಿಯುವುದಿಲ್ಲ. ಬಿಸಿಗೆ ಉಕ್ಕು ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು, ಸಂದು ತುಂಬಿಸಿದರೆ ಸೇತುವೆ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ.

ದೊರೆ ನೆಟ್ಟಗೆ ಕೂತ. "ಊರನ್ನೆಲ್ಲ ಹೊರುವವನೊಬ್ಬ. ಅವನನ್ನು ಹೊತ್ತವರಿಬ್ಬರು ಮಣ್ಣಲ್ಲಿ ಹೂತಿದ್ದಾರೆ. ಅವರು ಹಿಂದೆ ಸರಿದರೆ ಊರು ನೀರುಪಾಲು. ಯಾರವರು?"

ಇದಕ್ಕೆ ಒಬ್ಬ ಪಂಡಿತರು ದೊರೆಯ ತಂದೆ, ತಾತ ಎಂದು ಹೊಗಳಿದರು. ಹೊಗಳಿಕೆ ಅವರನ್ನು ಸೆರೆಮನೆಯಿಂದ ಉಳಿಸಲಿಲ್ಲ, ಪಾಪ.

"ಎರಡು ದಡದ ಬಂಡೆ, ಬುದ್ಧಿ," ಅಂದ ಭರಮ. ಹೊತ್ತವನಿಗೆ ಗೊತ್ತು, ಭಾರ ಕೊನೆಗೆ ಇಳಿಯುವುದು ಅಂಗಾಲಿಗೆ. ಕಮಾನಿನ ಅಂಗಾಲು ಬರೀ ಕೆಳಕ್ಕೆ ಒತ್ತುವುದಿಲ್ಲ, ಹೊರಕ್ಕೂ ಒದೆಯುತ್ತದೆ. ಒದೆ ತಿಂದು ಕದಲದೆ ಕೂತದ್ದು ಬಂಡೆ.

ಇನ್ನು ಅಣ್ಣ ಸೋತ ಒಗಟು.

"ಇಬ್ಬರು ಎದುರುಬದುರು ಬೀಳ್ತಾ ಇದ್ದಾರೆ. ಒಬ್ಬ ತಪ್ಪಿಸಿಕೊಂಡರೆ ಇಬ್ಬರೂ ಹೋದರು. ಇಬ್ಬರೂ ಬೀಳ್ತಾನೇ ಇದ್ದರೆ ಇಬ್ಬರೂ ಉಳಿದರು. ನಿನ್ನ ಅಣ್ಣ ಸೂರ್ಯಚಂದ್ರ ಅಂದ. ನೀನೇನಂತೀಯ?"

ಭರಮನಿಗೆ ಅಳು ಬಂತು. ಇಬ್ಬರೂ ಮೂಟೆ ಕೆಳಗಿಳಿಸಿದರೆ ಮತ್ತೆ ಎತ್ತಿ ಬೆನ್ನಿಗೇರಿಸುವವರು ಯಾರೂ ಇರಲಿಲ್ಲ. ಅದಕ್ಕೇ ಸೇತುವೆಯ ನಡುಮಧ್ಯದಲ್ಲಿ ಅಣ್ಣತಮ್ಮ ಎದುರುಬದುರು ನಿಂತು, ಭುಜಕ್ಕೆ ಭುಜ ಕೊಟ್ಟು, ಒಬ್ಬರ ಮೇಲೊಬ್ಬರು ವಾಲಿ ದಣಿವಾರಿಸಿಕೊಳ್ಳುತ್ತಿದ್ದರು.

"ನಾನೂ ನಮ್ಮಣ್ಣನೂ, ಬುದ್ಧಿ," ಅಂದ. "ಸೇತುವೆ ನಿಂತಿರೋದೂ ಹಂಗೇ. ಆ ದಡದ ಅರ್ಧ ಕಮಾನು ಈ ಕಡೆಗೆ ಬೀಳ್ತದೆ, ಈ ದಡದ್ದು ಆ ಕಡೆಗೆ ಬೀಳ್ತದೆ. ನೆತ್ತಿಯಲ್ಲಿ ಒಂದನ್ನೊಂದು ಬೀಳಗೊಡೋದಿಲ್ಲ. ಒಂದನ್ನ ತೆಗೆದು ಇನ್ನೊಂದನ್ನ ನಿಲ್ಲು ಅಂದರೆ ಹೆಂಗೆ ನಿಂತೀತು? ನನ್ನ ಕೈಲಿ ಆಗ್ತಿಲ್ಲ."

ಶಿಲ್ಪಿ ಹೇಳಿದ್ದ ಉತ್ತರವೂ ಕಮಾನಿನ ಎರಡು ಅರ್ಧ ಅಂತಲೇ, ಅದು ಯಾಕೆ ಉತ್ತರ ಎಂದು ದೊರೆಗೆ ಈಗ ತಿಳಿಯಿತು. ಆಮೇಲೆ ಏನು ಬೇಕೋ ಕೇಳು ಅಂದ. ಭರಮ ಸೆರೆಯಲ್ಲಿದ್ದವರನ್ನೆಲ್ಲ ಕೇಳಿದ. ದೊರೆ ಅವರನ್ನು ಬಿಟ್ಟು, ಬರೆಸುವ ಕೆಲಸವನ್ನೂ ಸೇತುವೆ ಕಾಯುವ ಹುದ್ದೆಯನ್ನೂ ಅಣ್ಣತಮ್ಮಂದಿರಿಗೆ ಕೊಟ್ಟ.

ಹೊರಬಂದ ಓಬ ತಮ್ಮನ ಮುಖ ನೋಡಲಾರದೆ ಹೇಳಿದ. "ನನಗೂ ಗೊತ್ತಿತ್ತು ಕಣೋ. ಅಂಥ ಸಭೆಯಲ್ಲಿ ಉಪ್ಪಿನ ಮೂಟೆ ಮಾತು ಹೆಂಗೆ ಆಡೋದು ಅಂತ ನಾಚಿಕೆ ಆಯ್ತು."

ಮರುದಿನ ಚಿತ್ರಗಾರರು ಕಮಾನಿನ ನೆತ್ತಿಯಿಂದ ಶುರು ಮಾಡಹೊರಟರೆ ಭರಮ ತಡೆದು, ದಡದ ಬಂಡೆಯಿಂದ ಬರೆಸಿದ. ಅವರು ಕೆಳಗೆ ಅಳತೆ ಹಿಡಿಯುತ್ತಿದ್ದಾಗ ಅಣ್ಣತಮ್ಮ ಸೇತುವೆಯ ನಡುವಿಗೆ ಬಂದರು. ಬೆನ್ನ ಮೇಲೆ ಮೂಟೆ ಇರಲಿಲ್ಲ. ಆದರೂ ಇಬ್ಬರೂ ಎದುರುಬದುರು ನಿಂತು ವಾಲಿದರು, ಭರಮನಿಗೆ ನಿಂತಲ್ಲೇ ನಿದ್ದೆ ಹತ್ತಿತು.