ಕುಂಡದಲ್ಲಿ ಬೆಂದ ಅಕ್ಕಿ

ಕನ್ನಡ ನಾಡಿನಿಂದ ಹೋದ ಪೂಜ್ಯ ಶ್ರೀ ಶಿತಿಕಂಠ ಸ್ವಾಮಿಗಳು ಹಿಮಾಲಯದ ತಪ್ತೇಶ್ವರದಲ್ಲಿ, ಬಿಸಿನೀರಿನ ಕುಂಡದ ಪಕ್ಕದ ತಗಡಿನ ಚಪ್ಪರದಲ್ಲೇ ಹನ್ನೊಂದು ವರ್ಷ ಕಳೆದರು. ಮಠವಿಲ್ಲ, ಪೀಠವಿಲ್ಲ. ಯಾತ್ರಿಕರು ಜಾರಿ ಬೀಳದಿರಲೆಂದು ಮೆಟ್ಟಿಲ ಪಾಚಿ ಉಜ್ಜುವುದೇ ಅವರ ನಿತ್ಯಪೂಜೆ. ನೆಲದೊಳಗಿಂದ ಕೊತಕೊತನೆ ಕುದಿದೇಳುವ ಆ ನೀರಿಗೆ ಅಕ್ಕಿಯ ಗಂಟು ಇಳಿಬಿಟ್ಟು, ಬೆಂದ ಅನ್ನವನ್ನು ಪ್ರಸಾದವೆಂದು ಉಣ್ಣುವುದು ಅಲ್ಲಿಯ ಪದ್ಧತಿ. ಇಳಿಸಿದವರೇ ದಾರ ಹಿಡಿದು ಕೂರಬೇಕು. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ.

ಒಂದು ಬೆಳಿಗ್ಗೆ ತಿಪಟೂರಿನ ಸರ್ವಮಂಗಳಮ್ಮನವರು ಮಗಳು ದಾಕ್ಷಾಯಿಣಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಬಂದರು. ಮಗಳೇನು ಎಳೆಗೂಸಲ್ಲ, ಇಪ್ಪತ್ತೆಂಟರ ಹೆಣ್ಣು. ಹುಟ್ಟಿದ ಒಂಬತ್ತನೇ ದಿನಕ್ಕೆ ಅವಳ ಮಗು ಹೋಗಿಬಿಟ್ಟಿತ್ತು. ಆಮೇಲೆ ಅವಳಿಗೆ ಮಾತು ಬೇಡ, ಊಟ ಬೇಡ. ಒಂದು ಸಂಜೆ ಕೆರೆಗಿಳಿದು ನಿಂತಿದ್ದವಳನ್ನು ಯಾರೋ ಪುಣ್ಯಾತ್ಮರು ಮನೆಗೆ ಕರೆತಂದರು. ಅಂದಿನಿಂದ ತಾಯಿಯ ಜೀವದಲ್ಲಿ ಜೀವವಿಲ್ಲ. ಮಗಳು ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಂತು "ದಾಕ್ಷಿ, ಇದೀಯೇನೇ?" ಎಂದು ಕೂಗುವರು.

ಅವರು ಗಂಟು ಇಳಿಸಿದರು. ಒಂದು ನಿಮಿಷ ಕಳೆಯಲಿಲ್ಲ, ಎತ್ತಿ ಹಿಸುಕಿ ನೋಡಿದರು. ಮತ್ತೆ ಇಳಿಸಿದರು, ಮತ್ತೆ ಎತ್ತಿದರು. ಹೀಗೆ ಮಾಡಿದರೆ ಅಕ್ಕಿ ಬೇಯುವುದಾದರೂ ಹೇಗೆ! ಅಕ್ಕಪಕ್ಕದವರದೆಲ್ಲ ಬೆಂದಿತು, ಇವರದು ಕಲ್ಲಿನಂತೆಯೇ ಇತ್ತು. ದೇವರು ಕೈಬಿಟ್ಟನೆಂದೇ ಅವರು ತಿಳಿದರು.

ಆಗಲೇ ದಾಕ್ಷಾಯಿಣಿ ಬಾಯಿಬಿಟ್ಟಳು. "ಅಮ್ಮ, ತುಂಬ ಚಳಿ. ಸ್ನಾನ ಮಾಡ್ಕೊಂಡು ಬರ್ತೀನಿ."

ಇಷ್ಟು ದಿನಗಳಲ್ಲಿ ಮಗಳು ತಾನಾಗಿ ಬೇಕೆಂದದ್ದು ಅದೇ ಮೊದಲು. ಕೇಳಿದ್ದಾದರೂ ಏನನ್ನು? ನೀರನ್ನು! ಕುಂಡದ ನೀರು ಹದವಾಗಿ ತಣಿದು ಸೇರುವ ಹೆಂಗಸರ ಕೊಳ ಕೆಳಗೆ, ಗೋಡೆಯಾಚೆ. "ಇರು ಕಣೇ, ಇದು ಬೇಯ್ಲಿ, ನಾನೂ ಬರ್ತೀನಿ" ಎಂದರು ತಾಯಿ. ಮಗಳ ಮುಖ ಬಾಡಿತು.

ಪಾಚಿ ಉಜ್ಜುತ್ತಿದ್ದ ಸ್ವಾಮಿಗಳು ತಲೆಯೆತ್ತಿದರು. "ಹೋಗಿ ಬಾ ಮಗಳೇ. ಸೊಂಟದಷ್ಟೇ ನೀರು, ಹತ್ತು ಜನ ಹೆಂಗಸರಿದ್ದಾರೆ."

ಅವಳು ಹೊರಟೇಬಿಟ್ಟಳು.

"ಬುದ್ಧೀ, ನಿಮಗೆ ಗೊತ್ತಿಲ್ಲ! ಅವಳು ಕೆರೆಗೆ..." ಎನ್ನುತ್ತ ಸರ್ವಮಂಗಳಮ್ಮನವರು ಏಳಹೋದರು. ಸ್ವಾಮಿಗಳು ಎದುರಿಗೇ ಕುಳಿತು ಮೆಲ್ಲಗೆ ನುಡಿದರು:

"ತಾಯೀ, ಹಿಡಿದುಕೊಂಡಿರಿ. ಎತ್ತಬೇಡಿ."

ಅಯ್ಯೋ, ಆ ಅರ್ಧ ಗಂಟೆ ಯಾವ ಹೆತ್ತವರಿಗೂ ಬೇಡ! ಗೋಡೆಯಾಚೆ ನೀರಿನ ಸದ್ದಾದರೆ ಎದೆ ಹೊಡೆದುಕೊಳ್ಳುವುದು, ಸದ್ದು ನಿಂತರೆ ಇನ್ನೂ ಜೋರಾಗಿ ಹೊಡೆದುಕೊಳ್ಳುವುದು. "ದಾಕ್ಷಿ" ಎಂಬ ಕೂಗು ಗಂಟಲಿಗೆ ಬಂದು ಬಂದು ನಿಂತಿತು. ಬೆರಳು ಎರಡು ಸಲ ದಾರ ಜಗ್ಗಲು ಹೋಯಿತು. ಹಬೆಯೋ ಕಣ್ಣೀರೋ, ಸರ್ವಮಂಗಳಮ್ಮನವರ ಮುಖವೆಲ್ಲ ತೊಯ್ದುಹೋಯಿತು. ಆದರೂ ಆ ತಾಯಿ ಕೂಗಲಿಲ್ಲ, ಎತ್ತಲಿಲ್ಲ.

ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಒದ್ದೆ ಕೂದಲಿಗೆ ಟವೆಲು ಸುತ್ತಿದ್ದ ದಾಕ್ಷಾಯಿಣಿ ಬಂದು ತಾಯಿಯ ಪಕ್ಕ ಕುಳಿತಳು. ಕುಂಡದೊಳಗೆ ಇಣುಕಿ, "ಬೆಂದಿದ್ಯಾ ಅಮ್ಮ? ಹಸಿವಾಗ್ತಿದೆ" ಎಂದಳು.

ಗಂಟು ಬಿಚ್ಚಿದರೆ ಅನ್ನ ಮಲ್ಲಿಗೆಯಂತೆ ಅರಳಿತ್ತು. ಸರ್ವಮಂಗಳಮ್ಮನವರು ಬಿಕ್ಕುತ್ತಲೇ ಮಗಳಿಗೆ ಬಡಿಸಿದರು. ಉಂಡಾದ ಮೇಲೆ ಅವಳು, "ದೇವಸ್ಥಾನ ನೋಡ್ಕೊಂಡು ಬರ್ಲಾ?" ಎಂದು ಕೇಳಿದಳು.

ತಾಯಿ ಅವಳ ತಲೆಗೆ ಸುತ್ತಿದ್ದ ಟವೆಲನ್ನು ಬಿಗಿಮಾಡಿದರು. ಬಳಿಕ, "ಹೂಂ, ಹೋಗಿ ಬಾ" ಎಂದರು.

ಮಗಳು ಕಣ್ಮರೆಯಾದ ಮೇಲೆ ಅವರು ಸ್ವಾಮಿಗಳ ಪಾದಕ್ಕೆ ಅಡ್ಡಬಿದ್ದು, ಚಪ್ಪರದ ನೆಲದ ಮೇಲೆ ಹಾಗೇ ಒರಗಿಕೊಂಡರು. ಮಗು ಹೋದ ದಿನದಿಂದ ನಿದ್ದೆ ಕಾಣದ ಕಣ್ಣುಗಳು ಮುಚ್ಚಿಕೊಂಡವು. ಸ್ವಾಮಿಗಳು ತಮ್ಮ ಕಂಬಳಿಯನ್ನು ಅವರಿಗೆ ಹೊದಿಸಿ, ಗದ್ದಲ ಮಾಡಬೇಡಿರೆಂದು ಯಾತ್ರಿಕರಿಗೆ ಕೈಸನ್ನೆ ಮಾಡಿದರು.