ಕೊಟ್ಟಿಗೆಯ ಮುಳ್ಳು

"ಹುಲಿಯನ್ನು ಕೊಲ್ಲಬೇಕೋ, ಬಿಡಬೇಕೋ?"

ಶಿಷ್ಯ ಗುರುವನ್ನು ಹೀಗೆ ಕೇಳಿದ. ಅವನ ಊರು ಕಾಡಿನ ಅಂಚಿನಲ್ಲಿತ್ತು. ಅಲ್ಲಿ ಹುಲಿ ದನ ಹಿಡಿಯುತ್ತಿತ್ತು. ಊರು ಎರಡು ಪಾಲಾಗಿತ್ತು. ಒಂದು ಪಾಲಿನವರು ಇನ್ನೊಂದು ಪಾಲಿನವರ ಮನೆಯ ಮದುವೆಗೂ ಹೋಗುತ್ತಿರಲಿಲ್ಲ. ಪಂಚಾಯಿತಿ ಸೇರುವುದಿತ್ತು. ನೀನೂ ಬಂದು ಒಂದು ಮಾತು ಹೇಳು ಎಂದು ಊರಿನಿಂದ ಅವನಿಗೆ ಕರೆ ಬಂದಿತ್ತು.

ಗುರು ಹೇಳಿದರು: "ಅದು ನನಗೆ ಗೊತ್ತಿಲ್ಲ. ಒಬ್ಬ ರೈತನ ಕತೆ ಗೊತ್ತು. ಕೇಳು."

ಒಬ್ಬ ರೈತನಿದ್ದ. ಅವನ ಊರಿನ ಪಕ್ಕದ ಗುಡ್ಡದಲ್ಲಿ ಒಂದು ಹುಲಿ ಇತ್ತು.

ಆ ಊರಿನಲ್ಲಿ ಒಂದು ಕಟ್ಟಳೆ. ಪ್ರತಿ ಮನೆಯ ಅಟ್ಟದಲ್ಲೂ ಗಟ್ಟಿ ಹಗ್ಗದ ಒಂದು ಬಲೆ ಇರಬೇಕು. ಹುಲಿಬೇಟೆ ಎಂದರೆ ಎಲ್ಲ ಮನೆಯ ಬಲೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಹುಲಿ ಮಲಗಿದ ಪೊದೆಯನ್ನು ಸುತ್ತುಗಟ್ಟುವುದು. ಆಮೇಲೆ ಈಟಿಯಿಂದ ಇರಿಯುವುದು. ಆದರೆ ಮೊದಲ ಬಲೆ ದನ ಕಳೆದುಕೊಂಡವನದೇ ಆಗಬೇಕು. ಅವನು ತಂದು ಚಾವಡಿಯ ಮುಂದೆ ಹಾಕದಿದ್ದರೆ ಬೇರೆ ಯಾರ ಬಲೆಯೂ ಅಟ್ಟದಿಂದ ಇಳಿಯುವಂತಿಲ್ಲ.

ರೈತನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಅವಳು ಸಾಕಿದ ಒಂದು ಹಸು ಇತ್ತು, ಅದಕ್ಕೊಂದು ಕರು ಇತ್ತು. ಹಸು ಅವನನ್ನು ಹತ್ತಿರ ಸೇರಿಸಲಿಲ್ಲ. ಅವಳ ಸೀರೆ ಹೊದ್ದು ಹೋದರೆ ಮಾತ್ರ ಹಾಲು ಕೊಡುತ್ತಿತ್ತು. ಅವನು ದಿನವೂ ಸೀರೆ ಹೊದ್ದು ಹಾಲು ಕರೆದ. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಅವನು ಬೇಸರ ಮಾಡಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಹಸು ಇರಲಿಲ್ಲ. ಕೊಟ್ಟಿಗೆಯ ಹಿಂದೆ ಎಳೆದುಕೊಂಡು ಹೋದ ಗುರುತು ಇತ್ತು. ಕರು ಮೂಲೆಯಲ್ಲಿ ನಿಂತಿತ್ತು.

ಹೆಂಡತಿ ಸತ್ತಾಗ ರೈತನಿಗೆ ಸಿಟ್ಟು ಮಾಡಲು ಯಾರೂ ಇರಲಿಲ್ಲ. ಈಗ ಹುಲಿ ಇತ್ತು.

ಊರು ಚಾವಡಿಯಲ್ಲಿ ಸೇರಿತು. ಕೊಲ್ಲಬೇಕು ಎನ್ನುವವರು, "ಇವತ್ತು ಹಸು, ನಾಳೆ ಮಗು" ಎಂದರು. ಬೇಡ ಎನ್ನುವವರು, "ಹುಲಿ ಹೋದರೆ ಹಂದಿಗಳು ಒಂದು ತೆನೆ ರಾಗಿ ಉಳಿಸುವುದಿಲ್ಲ" ಎಂದರು. ಎರಡೂ ಸುಳ್ಳಲ್ಲ. ರೈತ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಬಲೆ ತರಲು ಎದ್ದ.

ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕ ಕೇಳಿದ: "ಏನಪ್ಪಾ, ಇದು ಹೊಸ ಹುಲಿಯೋ?"

"ಹಳೇದೇ. ನಮ್ಮ ಗುಡ್ಡದ್ದೇ."

"ಹಾಗಾದರೆ ಇಷ್ಟು ವರ್ಷ ನಿನ್ನ ಕೊಟ್ಟಿಗೆಗೆ ಯಾಕೆ ಬರಲಿಲ್ಲ?"

"ಅದನ್ನ ಆ ಹುಲಿಯನ್ನೇ ಕೇಳಜ್ಜ" ಎಂದು ರೈತ ಹೊರಟ.

ಅಟ್ಟದಿಂದ ಬಲೆ ಇಳಿಸಿದ. ಭಾರವಾಗಿತ್ತು. ಹೆಗಲಿಗೆ ಹಾಕಿಕೊಂಡು ಹಿತ್ತಿಲ ದಾರಿಯಲ್ಲಿ ಬಂದ. ಅಲ್ಲಿ ಕೊಟ್ಟಿಗೆಯ ಬೇಲಿ. ಹುಲಿ ನುಗ್ಗಿದ ಜಾಗ. ಮುಳ್ಳುಗಳು ಒಣಗಿದ್ದವು. ಗೆದ್ದಲು ಹಿಡಿದಿತ್ತು. ಕೈ ಇಟ್ಟರೆ ಪುಡಿಯಾಗಿ ಉದುರಿದವು.

ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆ ನಿಂತಿದ್ದಳು. ವರಸೆಯಲ್ಲಿ ಅವನ ಹೆಂಡತಿಗೆ ತಂಗಿ.

"ಅಮಾವಾಸ್ಯೆ ಹತ್ತಿರ ಬಂತು ಅಂದರೆ ಅಕ್ಕ ಹೊಸ ಮುಳ್ಳು ಕಟ್ಟುತ್ತಿದ್ದಳು ಭಾವ. ಒಂದು ಸಲವೂ ತಪ್ಪಿಸಲಿಲ್ಲ."

"ನನಗೊಂದು ಮಾತು ಹೇಳಬಾರದಿತ್ತೇ?"

"ಅವಳು, ನಿಮಗೆ ಗೊತ್ತಿದೆ ಅಂದುಕೊಂಡಿದ್ದಳು. ನಾನು, ಅಳುವ ಮನೆಗೆ ಹೋಗಿ ಮುಳ್ಳು ಕಡಿಯಿರಿ ಅಂತ ಹೇಗೆ ಹೇಳಲಿ?"

ಚಾವಡಿಯಲ್ಲಿ ಜನ ಕಾಯುತ್ತಿದ್ದರು. ರೈತ ಬಲೆಯನ್ನು ಬೇಲಿಯ ಪಕ್ಕ ಇಳಿಸಿ ಬರಿಗೈಯಲ್ಲಿ ಹೋದ.

"ಬಲೆ ಎಲ್ಲಿ?" ಎಂದರು.

"ಮನೆಯಲ್ಲಿದೆ. ಮೊದಲು ಬೇಲಿ ಕಟ್ಟುತ್ತೇನೆ. ನಾನು ಕಟ್ಟಿದ್ದನ್ನು ಮುರಿದು ಹುಲಿ ಕರುವನ್ನು ಹಿಡಿದರೆ, ಬಲೆ ಹೊತ್ತು ಮುಂದೆ ನಾನೇ ನಡೆಯುತ್ತೇನೆ."

"ಹಸು ತಿಂದಾಯಿತು. ಈಗ ಕರುವನ್ನೂ ಬಡಿಸುತ್ತೀಯೇನಣ್ಣ?" ಎಂದು ಒಬ್ಬ ಯುವಕ ಹಂಗಿಸಿದ.

ರೈತನಿಗೆ ಉಳಿದದ್ದು ಆ ಕರು ಒಂದೇ. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಅವನು ಕತ್ತಿ ಹಿಡಿದು ಗುಡ್ಡದ ಬುಡಕ್ಕೆ ಹೋದ. ಕಾರೆ ಮುಳ್ಳು ಕಡಿದ. ಹೊತ್ತು ತಂದ. ಕಟ್ಟಿದ. ಪಕ್ಕದ ಮನೆಯವಳು ಬಂದು ನೋಡಿ ಬಾಯಿಗೆ ಸೆರಗು ಹಿಡಿದಳು.

"ಏನು ಭಾವ, ಬೇಲಿಯೋ, ಕಾಗೆಗೂಡೋ? ಮುಳ್ಳೆಲ್ಲ ಒಳಮುಖ ಮಾಡಿದ್ದೀರಿ. ಇದು ಹುಲಿ ಬರದ ಹಾಗೋ, ಕರು ಹೋಗದ ಹಾಗೋ?"

ಅವನೂ ನಕ್ಕ. ಹೆಂಡತಿ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ಪಕ್ಕದ ಮನೆಯವಳು ತೋರಿಸಿಕೊಟ್ಟಳು. ಬುಡ ಒಳಗೆ, ತುದಿ ಹೊರಗೆ. ಒಂದರ ಕಾಲಿನ ಮೇಲೆ ಇನ್ನೊಂದರ ತಲೆ. ಅವನು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದ.

ಸಂಜೆ ಊಟಕ್ಕೆ ಕೂತ. ಸಾರು ತಾಗಿ ಕೈ ಉರಿಯಿತು. ನೋಡಿದರೆ ಅಂಗೈ ತುಂಬ ಗೀರುಗಳು. ಅಂಥ ಗೀರುಗಳನ್ನು ಹೆಂಡತಿಯ ಕೈಯಲ್ಲಿ ಅವನು ಎಷ್ಟೋ ಸಲ ನೋಡಿದ್ದ. ಏನು ಎಂದು ಕೇಳಿರಲಿಲ್ಲ. ಮುದ್ದೆ ಮುಂದಿಟ್ಟುಕೊಂಡು ಅತ್ತ. ಆಮೇಲೆ ಉಂಡ. ಎದ್ದು ಹೋಗಿ ಕರುವಿಗೆ ಹುಲ್ಲು ಹಾಕಿದ.

ಅಮಾವಾಸ್ಯೆ ಬಂತು. ಮರುದಿನ ಬೆಳಗಾದಾಗ ಬೇಲಿಯ ಸುತ್ತ ಹುಲಿಯ ಹೆಜ್ಜೆಗಳಿದ್ದವು. ಸುತ್ತು ಬಂದಿತ್ತು. ಒಂದು ಕಡೆ ಮೈ ಒತ್ತಿ ನೋಡಿತ್ತು. ಮುಳ್ಳಿನ ತುದಿಗೆ ಹಳದಿ ಕೂದಲು ಸಿಕ್ಕಿಕೊಂಡಿತ್ತು. ಅಲ್ಲಿಂದ ಹೆಜ್ಜೆಗಳು ಗುಡ್ಡದ ಕಡೆ ತಿರುಗಿದ್ದವು. ಕರು ಒಳಗೆ ನಿಂತು ಮೆಲುಕು ಹಾಕುತ್ತಿತ್ತು.

ಊರವರು ಬಂದು ನೋಡಿದರು. ಹಂಗಿಸಿದ ಯುವಕ ಬಗ್ಗಿ ಆ ಕೂದಲನ್ನು ಮುಟ್ಟಿದ. ಕೈ ಹಿಂದಕ್ಕೆ ತೆಗೆದುಕೊಂಡ. ಕೊಲ್ಲಬೇಕು ಎಂದವರೂ, ಬೇಡ ಎಂದವರೂ ತಮ್ಮ ತಮ್ಮ ಮನೆಯ ಕಡೆ ಬೇಗ ಬೇಗ ನಡೆದರು. ಬಿಸಿಲೇರುವ ಮೊದಲು ಗುಡ್ಡದ ಬುಡದಲ್ಲಿ ಕಾರೆ ಕಡಿಯುವ ಸದ್ದು ಕೇಳಿತು. ಅಂದು ಮುಳ್ಳು ಹೊತ್ತು ಬಂದವರಲ್ಲಿ ಗಂಡಸರೂ ಇದ್ದರು.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಕೊಲ್ಲಬೇಡಿ, ಬೇಲಿ ಕಟ್ಟಿ ಎಂದು ಪಂಚಾಯಿತಿಯಲ್ಲಿ ಎದ್ದು ನಿಂತು ಹೇಳುತ್ತೇನೆ."

ಗುರು ಕೇಳಿದರು: "ನಿಮ್ಮ ಮನೆಯ ಕೊಟ್ಟಿಗೆಗೆ ಮುಳ್ಳು ಕಟ್ಟುವವರು ಯಾರು?"