ಎದೆ ಬಿಡದ ಮರಿ

ನಿಂಗಿ ಎಂಬ ಮುಸುವ ಕೋತಿಯ ಮೊದಲ ಮರಿ ಮರದಿಂದ ಬಿದ್ದು ಸತ್ತಿತ್ತು. ಎರಡನೆಯದಕ್ಕೆ ವರ್ಷ ತುಂಬುತ್ತಾ ಬಂದರೂ ಅವಳು ಅದನ್ನು ಎದೆಯಿಂದ ಇಳಿಸಲೇ ಇಲ್ಲ.

"ಓರಗೆಯ ಮರಿಗಳೆಲ್ಲ ಜಿಗಿಯುತ್ತಿವೆ. ಇದನ್ನೂ ಕೊಂಬೆಗೆ ಬಿಡು ಮಗಳೇ," ಎಂದಳು ಹಿಂಡಿನ ಮುದುಕಿ.

"ಇದೂ ಬಿದ್ದರೆ ನಾನು ಬದುಕುವುದು ಹೇಗೆ ಅಜ್ಜಿ?" ಎಂದು ನಿಂಗಿ ಮರಿಯ ನೆತ್ತಿ ಮೂಸಿದಳು.

ಒಂದು ಸಂಜೆ ಅವಳು ನೀರು ಕುಡಿದು ಮರ ಹತ್ತುತ್ತಿದ್ದಾಗ ಚಿರತೆಯೊಂದು ಹಾರಿ ಅವಳ ಕಾಲನ್ನು ಕಚ್ಚಿ ಹಿಡಿಯಿತು. ತನ್ನ ಕಥೆ ಮುಗಿಯಿತೆಂದು ಅವಳಿಗೆ ತಿಳಿಯಿತು. ಮರಿಯನ್ನು ಎದೆಯಿಂದ ಕಿತ್ತು ಮೇಲಿನ ಕೊಂಬೆಯ ಮೇಲೆ ಕೂರಿಸಿದಳು.

"ಗಟ್ಟಿಯಾಗಿ ಹಿಡಿದುಕೋ ಕಂದಾ! ಮೇಲೆ ಹತ್ತು!"

ಮರಿಗೆ ಅಮ್ಮನನ್ನು ಬಿಟ್ಟು ಬೇರೇನನ್ನೂ ಹಿಡಿದು ಗೊತ್ತಿರಲಿಲ್ಲ. ಅದು ಎರಡೂ ಕೈ ಚಾಚಿ ಅವಳತ್ತಲೇ ಜಾರಿತು.